ಕಡಲತಳದ ಹುಳುಗಳಿಂದ ಮಾಲಿನ್ಯ ಅಳೆಯುವುದು: ನನ್ನ ಅನುಭವ

ನೀರಿನ ಸ್ಯಾಂಪಲ್ ಹೇಳುವುದು ಆ ಗಳಿಗೆಯ ಸ್ಥಿತಿಯನ್ನಷ್ಟೇ. ತಳದ ಕೆಸರಲ್ಲಿರುವ ಹುಳು, ಚಿಪ್ಪಿಜೀವಿಗಳು ಜಾಗ ಬಿಟ್ಟು ಓಡಲಾರವು. ತಿಂಗಳುಗಟ್ಟಲೆ ಸುರಿದ ಕೊಳಚೆಯ ಗುರುತು ಅವುಗಳಲ್ಲಿ ಉಳಿದಿರುತ್ತದೆ. ಈ ಜೀವಿಗಳನ್ನು ಎಣಿಸಿ ಮಾಲಿನ್ಯ ಅಳೆಯುವಾಗ ಲೆಕ್ಕ ಕೆಡುವುದು ಸಾಮಾನ್ಯವಾಗಿ ಸೂತ್ರದಲ್ಲಲ್ಲ, ದೋಣಿಯಲ್ಲಿ ಅಥವಾ ಮೈಕ್ರೋಸ್ಕೋಪಿನಡಿ.

ನಾನು ಬಳಸುವುದು 0.1 ಚದರ ಮೀಟರಿನ ವ್ಯಾನ್ ವೀನ್ ಗ್ರ್ಯಾಬ್ (ಹಗ್ಗದಲ್ಲಿ ಇಳಿಬಿಟ್ಟರೆ ತಳದ ಕೆಸರನ್ನು ದವಡೆಯಲ್ಲಿ ಕಚ್ಚಿ ತರುವ ಉಪಕರಣ), ಒಂದು ಜಾಗದಲ್ಲಿ ಕನಿಷ್ಠ ಮೂರು ಸಲ. ಕೊನೆಯ ನಾಲ್ಕೈದು ಮೀಟರ್ ಹಗ್ಗ ನಿಧಾನಕ್ಕೆ ಬಿಡಬೇಕು, ಇಲ್ಲವಾದರೆ ಗ್ರ್ಯಾಬ್ ತಳ್ಳುವ ನೀರೇ ಮೇಲ್ಪದರವನ್ನು ಚದುರಿಸುತ್ತದೆ. ದವಡೆಗೆ ಕಲ್ಲು ಸಿಕ್ಕಿ ಕೆಸರು ಸೋರಿದ್ದರೆ ಚೆಲ್ಲಿ ಮತ್ತೆ ಇಳಿಸುತ್ತೇನೆ. ಕಣಗಾತ್ರ, ಸಾವಯವ ಇಂಗಾಲಕ್ಕೆ ಬೇರೊಂದು ಗ್ರ್ಯಾಬಿನಿಂದ ಮೇಲಿನ 2 ಸೆಂ.ಮೀ. ಮಣ್ಣು. ಮರಳುತಳವನ್ನು ಕೆಸರುತಳದೊಂದಿಗೆ ಹೋಲಿಸಿದರೆ ಕಾಣುವುದು ಮಣ್ಣಿನ ವ್ಯತ್ಯಾಸವೇ ಹೊರತು ಮಾಲಿನ್ಯವಲ್ಲ.

ಜರಡಿ 0.5 ಮಿ.ಮೀ. ಮೇಲಿಂದ ಪೈಪು ಹಿಡಿದರೆ ಹುಳು ತುಂಡಾಗುತ್ತವೆ. ಜರಡಿಯನ್ನೇ ನೀರಲ್ಲಿ ಅದ್ದಿ ಅಲ್ಲಾಡಿಸಿ. ಉಳಿದದ್ದಕ್ಕೆ ಒಂದು ಪಾಲು ಫಾರ್ಮಲಿನ್, ಒಂಬತ್ತು ಪಾಲು ಕಡಲ ನೀರು, ಜೊತೆಗೆ ಬೋರಾಕ್ಸ್. ಬೋರಾಕ್ಸ್ ಮರೆತರೆ ಫಾರ್ಮಲಿನ್ನಿನ ಆಮ್ಲಕ್ಕೆ ಎಳೆಯ ಚಿಪ್ಪುಗಳು ಕರಗುತ್ತವೆ. ಚಿಟಿಕೆ ರೋಸ್ ಬೆಂಗಾಲ್ ಎಂಬ ಬಣ್ಣ ಹಾಕಿದರೆ ಜೀವಿಗಳು ಗುಲಾಬಿ ಬಣ್ಣಕ್ಕೆ ತಿರುಗಿ ಕಸದ ನಡುವೆ ಎದ್ದು ಕಾಣುತ್ತವೆ. ಎಣಿಸುವಾಗ ತಲೆಗಳನ್ನು ಮಾತ್ರ ಎಣಿಸಿ, ಬಾಲಗಳನ್ನಲ್ಲ.

ನಿಜವಾದ ಪೇಚು ಗುರುತಿಸುವುದರಲ್ಲಿದೆ. ದಾರದೆಳೆಯಂಥ ಹುಳು ಕಂಡ ಕೂಡಲೇ ಕ್ಯಾಪಿಟೆಲ್ಲಾ (ಕೊಳಚೆಯಲ್ಲೂ ಬದುಕುವ ಹುಳು) ಎಂದು ಬರೆಯುವವರೇ ಹೆಚ್ಚು. ಎದೆಭಾಗದಲ್ಲಿ ಬಿರುಗೂದಲಿರುವ ಖಂಡಗಳನ್ನು ಎಣಿಸಿ: 9 ಇದ್ದರೆ ಕ್ಯಾಪಿಟೆಲ್ಲಾ, 10 ಇದ್ದರೆ ಮೀಡಿಯೊಮಾಸ್ಟಸ್, 11 ಇದ್ದರೆ ಹೆಟೆರೊಮಾಸ್ಟಸ್. ತಳದ ಜೀವಿಗಳನ್ನು ಮಾಲಿನ್ಯ ತಾಳದ 1ನೇ ಗುಂಪಿನಿಂದ ಹೆಚ್ಚು ತಾಳುವ 5ನೇ ಗುಂಪಿನವರೆಗೆ ವಿಂಗಡಿಸಿ ಅಂಕ ಕೊಡುವ ಆಂಬಿ (AMBI) ಸೂಚ್ಯಂಕದಲ್ಲಿ ಇವು ಕ್ರಮವಾಗಿ 5, 3, 4ನೇ ಗುಂಪು. ಒಂದು ಖಂಡ ತಪ್ಪಿ ಎಣಿಸಿದರೆ ಇಡೀ ಜಾಗದ ತೀರ್ಪೇ ಬದಲಾದೀತು.

ಆಂಬಿಯಲ್ಲಿ ಐದು ಗುಂಪುಗಳ ಶೇಕಡಾ ಪಾಲನ್ನು 0, 1.5, 3, 4.5, 6ರಿಂದ ಗುಣಿಸಿ, ಕೂಡಿಸಿ, 100ರಿಂದ ಭಾಗಿಸಬೇಕು. ಪಾಲು 10, 10, 20, 20, 40 ಆಗಿದ್ದರೆ 0+15+60+90+240 = 405, ಅಂದರೆ ಅಂಕ 4.05. 1.2ರೊಳಗಿದ್ದರೆ ಸ್ವಚ್ಛ, 3.3 ದಾಟಿತೆಂದರೆ ಎಚ್ಚರ. ಗುಂಪು ಸಿಗದ ಜೀವಿಗಳು ಶೇ. 20 ಮೀರಿದ್ದರೆ ಆ ಅಂಕವನ್ನು ನಾನು ನೆಚ್ಚುವುದಿಲ್ಲ. ಬೆರಳೆಣಿಕೆಯಷ್ಟೇ ಜೀವಿಗಳು ಸಿಕ್ಕರೂ ಅಷ್ಟೇ.

ಅಳಿವೆಗಳಲ್ಲಿ ಇನ್ನೊಂದು ತೊಡಕು. ಉಪ್ಪಿನಂಶದ ಏರಿಳಿತ, ಸಹಜವಾಗಿ ಕೊಳೆಯುವ ಎಲೆಕಡ್ಡಿಯಿಂದಾಗಿ ಅಲ್ಲಿ ಸಹಿಷ್ಣು ಹುಳುಗಳು ಮೊದಲಿನಿಂದಲೂ ಹೆಚ್ಚು. ಅದೇ ಆಳ, ಅದೇ ಉಪ್ಪು, ಅದೇ ಮಣ್ಣಿನ, ಕೊಳಚೆ ತಲುಪದ ಜಾಗವೊಂದನ್ನು ಜೊತೆಗಿಟ್ಟುಕೊಂಡೇ ಅಂಕ ಓದಬೇಕು.