ಫ್ಯಾನ್ ಕನ್ವೆನ್ಷನ್‌ಗೆ ಬರೀ ನೋಡೋಕೆ ಹೋಗಬೇಡಿ: ನನ್ನ ಅನುಭವ

ಕಾಮಿಕ್, ಸಿನಿಮಾ, ಸೈನ್ಸ್ ಫಿಕ್ಷನ್ ಅಭಿಮಾನಿಗಳು ಸೇರುವ ಮೇಳಕ್ಕೆ, ಅಂದರೆ ಫ್ಯಾನ್ ಕನ್ವೆನ್ಷನ್‌ಗೆ, ಮೊದಲ ಸಲ ಹೊರಟವರು ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ. ಅಲ್ಲಿ ಏನೇನು ನೋಡಬೇಕು? ನನ್ನ ಉತ್ತರ ಅವರಿಗೆ ಅಷ್ಟಾಗಿ ಹಿಡಿಸುವುದಿಲ್ಲ. ನೋಡುವುದನ್ನು ಕಡಿಮೆ ಮಾಡಿ, ಅಲ್ಲಿ ಏನಾದರೂ ಮಾಡಿ ಅನ್ನುತ್ತೇನೆ. ಇಷ್ಟದ ಪಾತ್ರದ ವೇಷ ಹಾಕಿ. ಪ್ಯಾನೆಲ್‌ನಲ್ಲಿ, ಅಂದರೆ ವೇದಿಕೆಯ ಚರ್ಚೆಯಲ್ಲಿ, ಬಾಯಿ ಬಿಡಿ. ಎರಡು ಗಂಟೆ ಸ್ವಯಂಸೇವಕರಾಗಿ ನಿಲ್ಲಿ. ಅದೂ ಬೇಡವೆಂದರೆ ಕ್ಯೂನಲ್ಲಿ ಪಕ್ಕದವರ ಜೊತೆ ಮಾತಾಡಿ. ಸಾವಿರಾರು ತಲೆಗಳ ಹಿಂದೆ ನಿಂತು ದೂರದ ವೇದಿಕೆಯನ್ನು ನೋಡೋದಕ್ಕೇ ಆದರೆ ಮನೆಯಲ್ಲಿ ವಿಡಿಯೋ ನೋಡುವುದು ವಾಸಿ, ಕಾಲಾದರೂ ನೋಯುವುದಿಲ್ಲ.

ಇದು ನಾನು ಹೊಸದಾಗಿ ಕಂಡುಹಿಡಿದ ಬುದ್ಧಿಮಾತೇನಲ್ಲ. ಕಾನ್‌ಗಳು (ಕನ್ವೆನ್ಷನ್‌ಗೆ ನಾವು ಹೇಳುವ ಚುಟುಕು ಹೆಸರು) ಶುರುವಾಗಿದ್ದೇ ಹಾಗೆ. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಸೈನ್ಸ್ ಫಿಕ್ಷನ್ ಅಭಿಮಾನಿಗಳ ಮೊದಲ ವಿಶ್ವ ಸಮಾವೇಶ, ಅಂದರೆ ವರ್ಲ್ಡ್‌ಕಾನ್, ನಡೆದಾಗ ಸೇರಿದ್ದು ಸುಮಾರು 200 ಜನ, ಎಲ್ಲರೂ ಅದೇ ಹುಚ್ಚಿನವರು. ಅಲ್ಲಿಗೆ ಫಾರೆಸ್ಟ್ ಅಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಅನ್ನುವ ಇಬ್ಬರು ಅಭಿಮಾನಿಗಳು ಮುಂದಿನ ಕಾಲದವರ ಹಾಗೆ ಉಡುಪು ತೊಟ್ಟು ಬಂದರು. ಎರಡೂ ಉಡುಪು ಹೊಲಿದವರು ಡಗ್ಲಸ್. ಇವತ್ತಿನ ಕಾಸ್ಪ್ಲೇಯ, ಅಂದರೆ ಪಾತ್ರಗಳ ವೇಷ ಹಾಕುವ ಹವ್ಯಾಸದ, ಕಥೆ ಹೇಳುವವರು ಸಾಮಾನ್ಯವಾಗಿ ಅಲ್ಲಿಂದಲೇ ಶುರು ಮಾಡುತ್ತಾರೆ. ವರ್ಲ್ಡ್‌ಕಾನ್‌ಗೆ ಹೋಗುವವರು ಈಗಲೂ ಸದಸ್ಯತ್ವ ತೆಗೆದುಕೊಳ್ಳುತ್ತಾರೆ, ಸೈನ್ಸ್ ಫಿಕ್ಷನ್ ಕ್ಷೇತ್ರದ ಹ್ಯೂಗೋ ಪ್ರಶಸ್ತಿಗೆ ಓಟು ಹಾಕುವವರೂ ಆ ಸದಸ್ಯರೇ. ಅಭಿಮಾನಿಗಳು ತಾವೇ ಮಾಡಿದ ಕಾಮಿಕ್ ಪುಸ್ತಕ ಮಾರುವ ಟೋಕಿಯೋದ ಸಂತೆ ಕಾಮಿಕೆಟ್ ಇನ್ನೂ ಒಂದು ಹೆಜ್ಜೆ ಮುಂದೆ. 1975ರಲ್ಲಿ 32 ತಂಡ, ಸುಮಾರು 700 ಜನ ಸೇರಿ ಶುರುವಾದ ಅದು ಈಗ ವರ್ಷಕ್ಕೆ ಎರಡು ಸಲ ಲಕ್ಷಗಟ್ಟಲೆ ಜನರನ್ನು ಸೇರಿಸುತ್ತದೆ. ಆದರೂ ಅಲ್ಲಿ ಗಿರಾಕಿ ಅನ್ನುವ ಲೆಕ್ಕವೇ ಇಲ್ಲ. ತಾವೇ ಬರೆದ ಪುಸ್ತಕ ಮಾರುವವರು, ಕೊಳ್ಳುವವರು, ಕೆಲಸಕ್ಕೆ ನಿಂತ ಸ್ವಯಂಸೇವಕರು, ಎಲ್ಲರೂ ಭಾಗವಹಿಸುವವರು ಅಂತಲೇ ಲೆಕ್ಕ.

ಕಂಪನಿಗಳು ನಡೆಸುವ ದೊಡ್ಡ ಕಾನ್‌ಗಳಲ್ಲಿ ಹಾಗಿಲ್ಲ, ಅಲ್ಲಿ ನೀವು ಟಿಕೆಟ್ ಕೊಂಡ ಗಿರಾಕಿಯೇ. ಬೈಯೋಕೆ ಅಂತ ಇದನ್ನು ಹೇಳುತ್ತಿಲ್ಲ. ದೊಡ್ಡ ಅತಿಥಿಗಳು ಬರುವುದು, ಹೊಸ ಟ್ರೇಲರ್ ಬಿಡುವುದು ಅಲ್ಲೇ. ಆದರೆ ಆ ಜನಸಾಗರದೊಳಗೆ ನಿಮ್ಮ ಜಾಗವನ್ನು ನೀವೇ ಮಾಡಿಕೊಳ್ಳಬೇಕು, ಯಾರೂ ಕರೆದು ಕೊಡುವುದಿಲ್ಲ.

ನಾನು ಮಾಡುವುದು ಹೀಗೆ. ಕಾರ್ಯಕ್ರಮ ಪಟ್ಟಿ ಬಂದ ಕೂಡಲೇ ದಿನಕ್ಕೆ ಒಂದನ್ನು ಮಾತ್ರ ಗಟ್ಟಿಯಾಗಿ ಗುರುತು ಹಾಕಿಕೊಳ್ಳುತ್ತೇನೆ. ತಪ್ಪಿಸಿಕೊಳ್ಳಲೇಬಾರದು ಅನ್ನುವಂಥದ್ದು. ಉಳಿದದ್ದೆಲ್ಲ ಸಿಕ್ಕರೆ ಸಿಕ್ಕಿತು. ಆ ಒಂದು ಕಾರ್ಯಕ್ರಮ ದೊಡ್ಡ ಹಾಲ್‌ನಲ್ಲಿದ್ದರೆ ಅರ್ಧ ದಿನ ಅದಕ್ಕೇ ಹೋಯಿತು ಅಂದುಕೊಳ್ಳಬೇಕು. ಸ್ಯಾನ್ ಡಿಯಾಗೋ ಕಾಮಿಕ್ ಕಾನ್‌ನ ಹಾಲ್ ಎಚ್ ಇದಕ್ಕೆ ಹೆಸರುವಾಸಿ. ಅದರಲ್ಲಿ ಸುಮಾರು 6,500 ಸೀಟು, ಕಾನ್‌ಗೆ ಬರುವವರು 1,30,000ಕ್ಕೂ ಜಾಸ್ತಿ. ಅಲ್ಲಿ ಒಂದು ಪ್ಯಾನೆಲ್ ಮುಗಿದ ಮೇಲೆ ಹಾಲ್ ಖಾಲಿ ಮಾಡಿಸುವ ಪದ್ಧತಿಯೂ ಇಲ್ಲ. ಹಾಗಾಗಿ ಸಂಜೆಯ ಪ್ಯಾನೆಲ್ ಬೇಕಾದವರು ಬೆಳಗ್ಗೆಯೇ ಹೋಗಿ, ತಮಗೆ ಸಂಬಂಧವೇ ಇಲ್ಲದ ಪ್ಯಾನೆಲ್‌ಗಳ ನಡುವೆ ಸೀಟು ಹಿಡಿದು ಕೂತಿರುತ್ತಾರೆ, ಹಿಂದಿನ ರಾತ್ರಿಯೇ ಹೊರಗೆ ಬಂದು ಮಲಗುವವರೂ ಇದ್ದಾರೆ. 1970ರಲ್ಲಿ ಅಲ್ಲಿ ನಡೆದ ಮೂರು ದಿನದ ಮೊದಲ ಕಾನ್‌ಗೆ ಬಂದಿದ್ದವರು 300 ಜನ ಮಾತ್ರ ಅನ್ನುವುದನ್ನು ನೆನೆಸಿಕೊಂಡರೆ ನಗು ಬರುತ್ತದೆ. ನೀವು ಹೋಗುವ ಕಾನ್‌ನಲ್ಲಿ ಹಾಲ್ ಖಾಲಿ ಮಾಡಿಸುತ್ತಾರೋ ಇಲ್ಲವೋ ಅನ್ನುವುದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಇಡೀ ದಿನದ ಲೆಕ್ಕ ಅದರ ಮೇಲೆ ನಿಂತಿರುತ್ತದೆ.

ನನಗೆ ನಿಜವಾಗಿ ಇಷ್ಟವಾಗುವುದು ಸಣ್ಣ ರೂಮುಗಳು. ಕಾಮಿಕ್ ಪುಟದಲ್ಲಿ ಅಕ್ಷರ ಕೂರಿಸುವವರು, ಅನುವಾದಕರು, ಧ್ವನಿ ಕಲಾವಿದರು, ಫೋಮ್‌ನಲ್ಲಿ ಕತ್ತಿ ಮಾಡುವವರು ಐವತ್ತು ಜನರ ಮುಂದೆ ತಮ್ಮ ಕೆಲಸ ಬಿಚ್ಚಿಡುತ್ತಾರೆ. ಮುಗಿದ ಮೇಲೆ ಓಡಿಹೋಗುವುದಿಲ್ಲ, ಹೊರಗೆ ಕಾರಿಡಾರ್‌ನಲ್ಲಿ ನಿಂತಿರುತ್ತಾರೆ. ಒಂದು ಸಲ ಅಂಥ ಮಾತು ಪ್ಯಾನೆಲ್‌ಗಿಂತ ಜಾಸ್ತಿ ಹೊತ್ತು ನಡೆದು, ನಾನು ಗುರುತು ಹಾಕಿಕೊಂಡಿದ್ದ ಕಾರ್ಯಕ್ರಮ ತಪ್ಪಿಹೋಯಿತು. ಸ್ವಲ್ಪವೂ ಬೇಜಾರಾಗಲಿಲ್ಲ.

ಪ್ರಶ್ನೆ ಕೇಳುವ ಸಮಯಕ್ಕೆ ಮೈಕ್ ಹತ್ತಿರ ಹೋಗುವ ಮುಂಚೆ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಫೋನ್‌ನಲ್ಲಿ ಬರೆದುಕೊಳ್ಳುತ್ತೇನೆ. ಒಂದು ಸಾಲಿಗೆ ಇಳಿಯದಿದ್ದರೆ ಅದು ಪ್ರಶ್ನೆಯೇ ಅಲ್ಲ, ನನ್ನ ಅಭಿಪ್ರಾಯ. ಅದನ್ನು ಕೇಳೋಕೆ ಅಲ್ಲಿ ಯಾರೂ ಬಂದಿರುವುದಿಲ್ಲ, ಅಲ್ವಾ? "ನಾನು ಚಿಕ್ಕಂದಿನಿಂದ ನಿಮ್ಮ ಅಭಿಮಾನಿ" ಅಂತ ಶುರು ಮಾಡಿ ಮೂರು ನಿಮಿಷ ತಿನ್ನುವವರ ಹಿಂದೆ ಇನ್ನೂ ಹತ್ತು ಜನ ಕಾದಿರುತ್ತಾರೆ.

ಕ್ಯೂ ಬಗ್ಗೆ ಎಲ್ಲರೂ ಗೊಣಗುತ್ತಾರೆ. ನಾನು ಗೊಣಗುವುದಿಲ್ಲ, ಯಾಕಂದರೆ ನನ್ನ ಕಾನ್ ಗೆಳೆಯರಲ್ಲಿ ಬಹಳಷ್ಟು ಜನ ಕ್ಯೂನಲ್ಲೇ ಸಿಕ್ಕವರು. ಒಂದೇ ವಿಷಯದ ಹುಚ್ಚಿರುವ ಅಪರಿಚಿತರ ಪಕ್ಕ ಒಂದು ಗಂಟೆ ನಿಲ್ಲುವ ಅವಕಾಶ ಬೇರೆಲ್ಲಿ ಸಿಗುತ್ತದೆ? ಅವರ ಬ್ಯಾಡ್ಜ್ ಮೇಲಿನ ಪಿನ್ ಯಾವುದು ಅಂತ ಕೇಳಿದರೆ ಸಾಕು, ಮಾತು ತಾನಾಗಿ ಹೊರಡುತ್ತದೆ. ಕಾಮಿಕೆಟ್‌ನಲ್ಲಿ ಒಂದು ಪದ್ಧತಿ ಇದೆ, ನನಗೆ ಬಹಳ ಹಿಡಿಸಿದ್ದು. ಕ್ಯೂನ ಕೊನೆಯಲ್ಲಿ ನಿಂತವರು "ಕ್ಯೂ ಕೊನೆ ಇಲ್ಲಿ" ಅನ್ನುವ ಬೋರ್ಡ್ ಹಿಡಿದಿರುತ್ತಾರೆ, ಹಿಂದೆ ಬಂದವರಿಗೆ ಅದನ್ನು ದಾಟಿಸುತ್ತಾರೆ. ಕಾವಲಿಗೆ ಬೇರೆ ಯಾರೂ ಬೇಡ, ನಿಂತವರೇ ಕ್ಯೂ ನಡೆಸುತ್ತಾರೆ. ನನ್ನ ಚೀಲದಲ್ಲಿ ನೀರಿನ ಬಾಟಲಿ, ಪವರ್ ಬ್ಯಾಂಕ್, ಮಡಚುವ ಸಣ್ಣ ಸ್ಟೂಲ್ ಇರುತ್ತವೆ. ಒಬ್ಬರು ನಿಂತು ಎಂಟು ಜನ ಗೆಳೆಯರನ್ನು ಮಧ್ಯೆ ಸೇರಿಸಿಕೊಳ್ಳುವುದನ್ನು ಮಾತ್ರ ನಾನು ಸಹಿಸುವುದಿಲ್ಲ. ಬಾಯಿಬಿಟ್ಟು ಹೇಳಿಬಿಡುತ್ತೇನೆ.

ಈಗ ವೇಷಕ್ಕೆ ಬರೋಣ.

ರಕ್ಷಾಕವಚ, ಕತ್ತಿ, ಹೆಲ್ಮೆಟ್ ಇಂಥವಕ್ಕೆ ನಾನು ಬಳಸುವುದು ಇವಿಎ ಫೋಮ್, ಜಿಮ್‌ಗಳಲ್ಲಿ ನೆಲಕ್ಕೆ ಹಾಸುತ್ತಾರಲ್ಲ, ಆ ಜಾತಿಯದು. ಎದೆಯ ಕವಚಕ್ಕೆ 10 ಮಿ.ಮೀ., ತೋಳಿಗೆ 5 ಮಿ.ಮೀ., ಮೇಲಿನ ಅಲಂಕಾರದ ಪಟ್ಟಿಗಳಿಗೆ 2 ಮಿ.ಮೀ. ಮೊದಲು ಮೈಗೆ ಅಂಟುವ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಟೇಪ್ ಹಚ್ಚಿ, ಗೆರೆ ಎಳೆದು, ಬಿಚ್ಚಿ ಕತ್ತರಿಸಿದರೆ ನಿಮ್ಮ ಅಳತೆಯ ಪ್ಯಾಟರ್ನ್ ಸಿಗುತ್ತದೆ. ಇದಕ್ಕೆ ಇನ್ನೊಬ್ಬರ ಸಹಾಯ ಬೇಕು, ಒಬ್ಬರೇ ಆದರೆ ಬೆನ್ನು ಮುಗಿಯುವುದಿಲ್ಲ. ಫೋಮ್ ಕತ್ತರಿಸುವ ಬ್ಲೇಡ್ ಹರಿತವಾಗಿರಬೇಕು. ಮೊಂಡಾದ ಬ್ಲೇಡ್ ಅಂಚನ್ನು ಹರಿದು ಹಾಕುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಜೋಡಣೆ ಕಾಣುತ್ತದೆ. ಬಣ್ಣದ ಮುಂಚೆ ಹೀಟ್ ಗನ್‌ನಿಂದ ಮೇಲ್ಮೈಯನ್ನು ಬಿಸಿ ಮಾಡಿದರೆ ಸಣ್ಣ ರಂಧ್ರಗಳು ಮುಚ್ಚಿಕೊಂಡು ಸ್ವಲ್ಪ ಹೊಳಪು ಬರುತ್ತದೆ. ಬಿಸಿ ಇರುವಾಗಲೇ ಬಾಗಿಸಿದರೆ ತಣ್ಣಗಾದ ಮೇಲೂ ಆ ಆಕಾರ ಉಳಿಯುತ್ತದೆ.

ಅಂಟಿಸೋಕೆ ಕಾಂಟ್ಯಾಕ್ಟ್ ಸಿಮೆಂಟ್. ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಒದ್ದೆ ಅಂಟದಷ್ಟು ಒಣಗಲು ಬಿಟ್ಟು, ಆಮೇಲೆ ಒತ್ತಬೇಕು. ಅವಸರಪಟ್ಟರೆ ಹಿಡಿಯುವುದಿಲ್ಲ. ಸರಿಯಾಗಿ ಒಣಗಿಸಿ ಒತ್ತಿದರೆ ಮತ್ತೆ ಸರಿಸೋಕೆ ಆಗುವುದಿಲ್ಲ, ಆದ್ದರಿಂದ ಒಂದು ತುದಿಯಿಂದ ನಿಧಾನವಾಗಿ ಕೂರಿಸುತ್ತಾ ಹೋಗಿ. ಇದರ ಆವಿ ಒಳ್ಳೆಯದಲ್ಲ. ಕಿಟಕಿ ತೆರೆದಿರಲಿ, ಆವಿ ತಡೆಯುವ ಫಿಲ್ಟರ್ ಇರುವ ಮಾಸ್ಕ್ ಇರಲಿ. ಫೋಮ್ ಉಜ್ಜುವಾಗ ಏಳುವ ಧೂಳಿಗೂ ಮಾಸ್ಕ್ ಬೇಕು. ಬಣ್ಣಕ್ಕೆ ಮೊದಲು ಬಳುಕುವ ಪ್ರೈಮರ್ ಕೊಡದಿದ್ದರೆ ತೋಳು ಮಡಚಿದ ಕಡೆಯೆಲ್ಲ ಬಣ್ಣ ಬಿರಿಯುತ್ತದೆ.

ಚಂದ ಕಾಣುವುದು ಅರ್ಧ ಕೆಲಸ ಅಷ್ಟೇ. ಮನೆಯಲ್ಲೇ ಪೂರ್ತಿ ವೇಷ ಹಾಕಿ ಎರಡು ಗಂಟೆ ಓಡಾಡಿ ನೋಡುತ್ತೇನೆ. ಕೂರೋಕೆ ಆಗುತ್ತಾ? ಮೆಟ್ಟಿಲು ಇಳಿಯುವಾಗ ಕಾಲಡಿ ಕಾಣುತ್ತಾ? ಬಾಗಿಲಲ್ಲಿ ಭುಜ ಹಿಡಿಸುತ್ತಾ? ಟಾಯ್ಲೆಟ್‌ಗೆ ಹೋಗಬೇಕಾದರೆ ಯಾವುದನ್ನು ಬಿಚ್ಚಬೇಕು, ಒಬ್ಬರೇ ಬಿಚ್ಚಬಹುದಾ? ಈ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲದ ವೇಷ ಎಷ್ಟೇ ಸುಂದರವಾಗಿದ್ದರೂ ಕಾನ್‌ಗೆ ಲಾಯಕ್ಕಲ್ಲ. ಅದನ್ನು ಫೋಟೋಶೂಟ್‌ಗೆ ಇಟ್ಟುಕೊಳ್ಳಿ. ರಿಪೇರಿ ಚೀಲದಲ್ಲಿ ಸೂಪರ್ ಗ್ಲೂ, ಸೇಫ್ಟಿ ಪಿನ್, ಸೂಜಿ ದಾರ, ಎರಡೂ ಕಡೆ ಅಂಟುವ ಟೇಪ್. ಅದರಲ್ಲಿ ಅರ್ಧ ಬೇರೆಯವರ ವೇಷಕ್ಕೇ ಖರ್ಚಾಗುತ್ತದೆ. ಪರಿಚಯ ಆಗೋಕೆ ಅದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಆಯುಧದ ನಿಯಮ ಪ್ರತಿ ಕಾನ್‌ಗೂ ಬೇರೆ ಬೇರೆ, ಹೋಗುವ ಮುಂಚೆ ಓದಿ. ಲೋಹದ ಅಲಗು, ನಿಜದ ಹಾಗೇ ಕಾಣುವ ಬಂದೂಕು ಬಹುತೇಕ ಕಡೆ ನಿಷೇಧ. ಬಾಗಿಲಲ್ಲಿ ಪರೀಕ್ಷೆ ಮಾಡಿ, ಕತ್ತಿಯನ್ನು ಒರೆಯಿಂದ ತೆಗೆಯದ ಹಾಗೆ ಪಟ್ಟಿ ಕಟ್ಟುತ್ತಾರೆ. ಅಲ್ಲಿ ನಿಂತ ಸ್ವಯಂಸೇವಕರ ಜೊತೆ ವಾದಕ್ಕೆ ಇಳಿಯಬೇಡಿ. ನಿಯಮ ಮಾಡಿದವರು ಅವರಲ್ಲ.

ವೇಷದ ಜೊತೆಗೆ ಬರುವ ಇನ್ನೊಂದು ವಿಷಯ ಅನುಮತಿ. 2014ರಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್ ಬಾಗಿಲಲ್ಲೇ ದೊಡ್ಡ ಬೋರ್ಡ್ ಹಾಕಿತು. ಕಾಸ್ಪ್ಲೇ ಮಾಡಿದ್ದಾರೆ ಅಂದ ಮಾತ್ರಕ್ಕೆ ಅದು ಒಪ್ಪಿಗೆ ಅಲ್ಲ ಅನ್ನುವುದು ಅದರ ಸಾರ. ಅಂಥದ್ದೊಂದು ಬೋರ್ಡ್ ಬೇಕಾಯಿತು ಅನ್ನುವುದೇ ಪರಿಸ್ಥಿತಿ ಹೇಗಿತ್ತು ಅಂತ ಹೇಳುತ್ತದೆ. ನಾನು ಪಾಲಿಸುವುದು ಇಷ್ಟೇ: ಕೇಳದೆ ಫೋಟೋ ಇಲ್ಲ, ಕೇಳದೆ ಮುಟ್ಟುವುದಿಲ್ಲ, ರೆಕ್ಕೆ ಬಾಲ ಕೂಡ. ಊಟ ಮಾಡುತ್ತಿರುವವರನ್ನು ಕರೆಯುವುದಿಲ್ಲ. ದಾರಿ ಮಧ್ಯೆ ನಿಲ್ಲಿಸುವುದಿಲ್ಲ, ಗೋಡೆ ಪಕ್ಕಕ್ಕೆ ಹೋಗೋಣ ಅನ್ನುತ್ತೇನೆ. ಮಕ್ಕಳಾದರೆ ಜೊತೆಗಿರುವ ದೊಡ್ಡವರನ್ನು ಕೇಳುತ್ತೇನೆ. ಪಾತ್ರದ ಬಣ್ಣ, ಎತ್ತರ, ಮೈಕಟ್ಟು ಇಲ್ಲ ಅಂತ ಯಾರನ್ನಾದರೂ ಆಡಿಕೊಳ್ಳುವವರು ಈ ಸಂಸ್ಕೃತಿಯ ಕೊಳಕು ಮುಖ. ಅಂಗಡಿಯಲ್ಲಿ ಕೊಂಡ ವೇಷವೂ ವೇಷವೇ. ಪಾತ್ರದ ಮೇಲೆ ಪ್ರೀತಿ ಇದ್ದರೆ ಆಯಿತು. ಆದರೆ ಬೇರೆ ಜನಾಂಗದ ಪಾತ್ರಕ್ಕೆ ಹೊಂದಿಸೋಕೆ ಮೈಬಣ್ಣ ಬದಲಿಸಿಕೊಳ್ಳುವುದು ಬೇಡ, ಬಟ್ಟೆ ಕೂದಲಲ್ಲೇ ಪಾತ್ರ ಗೊತ್ತಾಗುತ್ತದೆ.

ಆರ್ಟಿಸ್ಟ್ ಆಲಿಗೆ, ಅಂದರೆ ಕಲಾವಿದರು ಟೇಬಲ್ ಹಾಕಿ ತಮ್ಮ ಕೆಲಸ ಮಾರುವ ಸಾಲಿಗೆ, ನಾನು ಮೊದಲ ದಿನ ಬೆಳಗ್ಗೆಯೇ ಹೋಗುತ್ತೇನೆ. ಚಿತ್ರ ಬರೆದುಕೊಡುವ ಕಮಿಷನ್ ಪಟ್ಟಿ ಬೇಗ ತುಂಬಿಹೋಗುತ್ತದೆ, ಕೊನೆಯ ದಿನ ಕೇಳಿದರೆ ಆಗಲ್ಲ ಅನ್ನುತ್ತಾರೆ. ಮೊದಲು ಇಡೀ ಸಾಲು ಒಂದು ಸುತ್ತು, ಆಮೇಲೆ ಖರೀದಿ. ಚಿಲ್ಲರೆ ಇಟ್ಟುಕೊಂಡಿರುತ್ತೇನೆ, ನೆಟ್‌ವರ್ಕ್ ಯಾವಾಗ ಕೈಕೊಡುತ್ತದೋ ಹೇಳೋಕೆ ಆಗಲ್ಲ. ಅವರೇನು ಕಂಪನಿಗಳಲ್ಲ, ಟೇಬಲ್ ಬಾಡಿಗೆ, ಪ್ರಿಂಟ್ ಖರ್ಚು, ಪ್ರಯಾಣ ಎಲ್ಲ ಕೈಯಿಂದ ಹಾಕಿ ಬಂದು ಕೂತವರು. ಅವರ ಮುಂದೆ ನಿಂತು "ಇದನ್ನ ನಾನೂ ಬರೀತೀನಿ" ಅಂತ ಗೆಳೆಯನಿಗೆ ಹೇಳುವವರನ್ನು ಕಂಡಿದ್ದೇನೆ. ಕೊಳ್ಳದೆ ನೋಡಿ ಹೋದರೂ ಪರವಾಗಿಲ್ಲ, ಚೆನ್ನಾಗಿದೆ ಅಂತ ಒಂದು ಮಾತು ಹೇಳಿ. ಕೆಲಸದ ಫೋಟೋ ತೆಗೆಯುವ ಮುಂಚೆ ಕೇಳಿ.

ತಾರೆಯರ ಸಹಿ, ಫೋಟೋ ಬಗ್ಗೆ ಹೇಳೋಕೆ ಹೆಚ್ಚಿಲ್ಲ. ಎರಡಕ್ಕೂ ಪ್ರವೇಶ ಟಿಕೆಟ್ ಅಲ್ಲದೆ ಬೇರೆ ದುಡ್ಡು. ಫೋಟೋ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ, ಮಾತಿಗೆ ಸಮಯವಿಲ್ಲ. ಸಹಿಯ ಟೇಬಲ್‌ನಲ್ಲಿ ಒಂದೆರಡು ಮಾತು ಆಡಬಹುದು. ಒಂದಕ್ಕೇ ದುಡ್ಡಿದ್ದರೆ ನಾನು ಸಹಿ ಆರಿಸಿಕೊಳ್ಳುತ್ತೇನೆ.

ಮೈ ನೋಡಿಕೊಳ್ಳುವ ಬಗ್ಗೆ ಕಾನ್‌ಗೆ ಹೋಗುವವರ ಬಾಯಲ್ಲಿ ಒಂದು ಹಳೆಯ ಸೂತ್ರ ಇದೆ, 5-2-1. ದಿನಕ್ಕೆ ಕನಿಷ್ಠ ಐದು ಗಂಟೆ ನಿದ್ದೆ, ಎರಡು ಹೊತ್ತು ಊಟ, ಒಂದು ಸ್ನಾನ. ಸ್ನಾನದ ಬಗ್ಗೆಯೂ ಸೂತ್ರ ಬೇಕಾ ಅಂತ ನಗಬೇಡಿ, ಮೂರನೇ ದಿನ ಮಧ್ಯಾಹ್ನ ತುಂಬಿದ ಲಿಫ್ಟ್‌ನಲ್ಲಿ ನಿಂತರೆ ಅರ್ಥವಾಗುತ್ತದೆ. ನಿದ್ದೆಗೆಟ್ಟ ಸಾವಿರಾರು ಜನ ಮುಚ್ಚಿದ ಹಾಲ್‌ನಲ್ಲಿ ಒತ್ತಿಕೊಂಡು ನಿಂತರೆ ಶೀತ ಜ್ವರ ಹರಡದೆ ಇರುತ್ತದಾ? ಮನೆಗೆ ಬಂದ ಮೇಲೆ ಮಲಗುವವರು ಇಷ್ಟು ಜನ ಇದ್ದಾರೆ ಅಂತ ಆ ಕಾಯಿಲೆಗೆ ಕಾನ್ ಕ್ರಡ್ ಅನ್ನುವ ಹೆಸರೇ ಬಿದ್ದಿದೆ. ನಾನು ದೊಡ್ಡ ಹಾಲ್ ಮತ್ತು ಕ್ಯೂನಲ್ಲಿ ಮಾಸ್ಕ್ ಹಾಕುತ್ತೇನೆ, ಮರುದಿನ ಕೆಲಸಕ್ಕೆ ರಜೆ ಹಾಕಿರುತ್ತೇನೆ. ಮಧ್ಯಾಹ್ನ ಒಂದು ಗಂಟೆ ಹೊರಗೆ ಹೋಗಿ ಗದ್ದಲವಿಲ್ಲದ ಕಡೆ ಸುಮ್ನೆ ಕೂರುತ್ತೇನೆ. ಕೆಲವು ಕಾನ್‌ಗಳಲ್ಲಿ ಅದಕ್ಕೇ ಅಂತ ಶಾಂತ ಕೋಣೆ ಇರುತ್ತದೆ.

ಒಬ್ಬರೇ ಹೋಗುತ್ತಿದ್ದೇವೆ, ಯಾರ ಪರಿಚಯವೂ ಇಲ್ಲ ಅನ್ನುವವರಿಗೆ ನನ್ನ ಸಲಹೆ ಸ್ವಯಂಸೇವೆ. ಸಂಕೋಚ ಇರುವವರಿಗಂತೂ ಹೇಳಿ ಮಾಡಿಸಿದ್ದು, ಯಾಕಂದರೆ ಮಾತಾಡೋಕೆ ಕೆಲಸವೇ ಕಾರಣ ಒದಗಿಸುತ್ತದೆ. ಬ್ಯಾಡ್ಜ್ ಕೊಡುವುದು, ರೂಮಿನ ಬಾಗಿಲಲ್ಲಿ ತಲೆ ಎಣಿಸುವುದು, ಪ್ಯಾನೆಲ್‌ನವರಿಗೆ ನೀರು ಇಡುವುದು, ಐದು ನಿಮಿಷ ಉಳಿದಿದೆ ಅಂತ ಹಿಂದಿನಿಂದ ಚೀಟಿ ತೋರಿಸುವುದು. ಕೆಲವು ಕಡೆ ಇಷ್ಟು ಗಂಟೆ ಕೆಲಸ ಮಾಡಿದರೆ ಪ್ರವೇಶ ಉಚಿತ ಅಥವಾ ದುಡ್ಡು ವಾಪಸ್. ದುಡ್ಡಿನ ಲೆಕ್ಕದಲ್ಲಿ ಅದು ದೊಡ್ಡ ಲಾಭ ಅಲ್ಲ, ಆದರೆ ಒಳಗಿನ ಜನ ಪರಿಚಯ ಆಗುತ್ತಾರೆ. ಒಂದು ಎಚ್ಚರ: ಅಭಿಮಾನಿಗಳು ಕೂಡಿ ನಡೆಸುವ ಕಾನ್‌ಗೆ ಪುಕ್ಕಟೆ ದುಡಿಯುವುದು ಬೇರೆ, ಲಾಭಕ್ಕೆ ನಡೆಸುವ ಕಂಪನಿಗೆ ಪುಕ್ಕಟೆ ದುಡಿಯುವುದು ಬೇರೆ. ಎರಡನೆಯದಕ್ಕೆ ಕೈ ಹಾಕುವ ಮುಂಚೆ ಗಂಟೆ ಎಷ್ಟು, ಊಟ ಯಾರದು, ಬದಲಿಗೆ ಏನು ಕೊಡುತ್ತಾರೆ ಅನ್ನುವುದನ್ನು ಬರಹದಲ್ಲಿ ಕೇಳಿ. ಕೊಡೋಕೆ ಹಿಂದೆಮುಂದೆ ನೋಡಿದರೆ ಟಿಕೆಟ್ ಕೊಂಡು ಹೋಗಿ, ಸಣ್ಣ ರೂಮುಗಳಲ್ಲಿ ಮುಂದಿನ ಸಾಲಲ್ಲಿ ಕೂತುಕೊಳ್ಳಿ.