ಯುಗಾದಿ ದಿನ ಕಟ್ಟಿಕೊಂಡ ಕಮೋಡ್

ಹಬ್ಬದ ದಿನ ಮನೆಯಲ್ಲಿ ಹನ್ನೊಂದು ಜನ. ಕಮೋಡ್ ಒಂದೇ. ಬೆಳಿಗ್ಗೆ ಹತ್ತರ ಹೊತ್ತಿಗೆ ತಂಗಿ ಬಂದು ಮೆಲ್ಲಗೆ, "ಅಣ್ಣಾ, ನೀರು ಇಳೀತಾ ಇಲ್ಲ" ಅಂದಳು.

ಹೋಗಿ ನೋಡಿದರೆ ನೀರು ಅಂಚಿಗಿಂತ ನಾಲ್ಕು ಬೆರಳು ಕೆಳಗೆ ನಿಂತಿತ್ತು. ನಾನೇನು ಮಾಡಿದೆ? ಎಲ್ಲರೂ ಮಾಡೋದನ್ನೇ. ಇನ್ನೊಂದು ಸಲ ಫ್ಲಶ್ ಒತ್ತಿದೆ. ನೀರು ಏರುತ್ತಾ ಏರುತ್ತಾ ಅಂಚು ಮುಟ್ಟಿತು, ಒಂದಿಷ್ಟು ನನ್ನ ಚಪ್ಪಲಿ ಮೇಲೂ ಚೆಲ್ಲಿತು. ಪುಣ್ಯಕ್ಕೆ ಟ್ಯಾಂಕಿನ ನೀರು ಅಷ್ಟಕ್ಕೇ ಮುಗಿಯಿತು. ಟ್ಯಾಂಕ್ ಮತ್ತೆ ತುಂಬದಂತೆ ಕೂಡಲೇ ಗೋಡೆ ಪಕ್ಕದ ನಲ್ಲಿ ಮುಚ್ಚಿದೆ. ನಾನು ಮೊದಲು ಮಾಡಬೇಕಿದ್ದ ಕೆಲಸ ಅದೇ.

ಪ್ಲಂಬರ್‌ಗೆ ಫೋನ್ ಮಾಡಿದೆ. "ಹಬ್ಬ ಅಲ್ವಾ ಸಾರ್, ನಾಳಿದ್ದು ಬರ್ತೀನಿ" ಅಂದರು. ಅವರ ಮನೆಯಲ್ಲೂ ಹಬ್ಬ, ತಪ್ಪೇನಿಲ್ಲ.

ಅಷ್ಟರಲ್ಲಿ ಬಾಗಿಲ ಹತ್ತಿರ ಸಲಹೆ ಕೊಡೋರ ಗುಂಪು ಸೇರಿತ್ತು. ಅಮ್ಮ ಕುದಿಯೋ ನೀರು ಸುರಿ ಅಂದರು. ಕುದಿಯೋ ನೀರು ಬಿದ್ದರೆ ಪಿಂಗಾಣಿ ಸೀಳಬಹುದು, ಹಾಗಾಗಿ ಬೇಡ ಅಂದೆ. ಭಾವ ಆಸಿಡ್ ಬಾಟಲಿಯನ್ನೇ ಕೈಗೆ ತಂದಿದ್ದರು. ಅದನ್ನು ನೋಡಿ ನನಗೆ ನಿಜಕ್ಕೂ ಗಾಬರಿಯಾಯಿತು. ಬೆಳಿಗ್ಗೆ ಅಷ್ಟೇ ಹೆಂಡತಿ ಅದೇ ಕಮೋಡಿಗೆ ಬ್ಲೀಚಿಂಗ್ ಪುಡಿ ಹಾಕಿ ತೊಳೆದಿದ್ದಳು. ಬ್ಲೀಚಿಂಗ್ ಪುಡಿಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಸಣ್ಣ ಕಿಟಕಿಯ ಟಾಯ್ಲೆಟ್‌ನಲ್ಲಿ ಅದನ್ನು ಉಸಿರಾಡಿದರೆ ಹೋಳಿಗೆ ಬದಲು ಆಸ್ಪತ್ರೆ. ಇನ್ನೊಂದು ವಿಷಯವೂ ಇದೆ. ಆಸಿಡ್ ಆಗಲಿ, ಸಿಂಕಿಗೆ ಹಾಕೋ ಪುಡಿಯಾಗಲಿ, ಕೆಲಸ ಮಾಡದಿದ್ದರೆ ಚರ್ಮ ಸುಡೋ ನೀರು ಕಮೋಡ್ ತುಂಬ ನಿಂತಿರುತ್ತದೆ. ಆಮೇಲೆ ಅದರೊಳಗೆ ಪ್ಲಂಜರ್ (ಕೋಲಿನ ತುದಿಗೆ ರಬ್ಬರ್ ಬಟ್ಟಲು ಇರೋದು) ಆಡಿಸೋನು ನಾನೇ ತಾನೇ?

ಇವರನ್ನೆಲ್ಲ ಅಲ್ಲೇ ಬಿಟ್ಟು ಹಿತ್ತಿಲಿಗೆ ಹೋದೆ, ಚೇಂಬರ್ ನೋಡೋಕೆ, ಅಂದರೆ ಮನೆಯ ಕೊಳಚೆ ನೀರು ರಸ್ತೆ ಕಡೆ ಹೋಗೋ ಮುನ್ನ ಬಂದು ಸೇರೋ ಮುಚ್ಚಳದ ಗುಂಡಿ. ಹತ್ತು ವರ್ಷದ ಹಿಂದೆ ಇದೇ ಥರ ಕಟ್ಟಿಕೊಂಡಾಗ ಅರ್ಧ ದಿನ ಕಮೋಡ್ ಜೊತೆ ಗುದ್ದಾಡಿದ್ದೆ, ಅಡಚಣೆ ನೋಡಿದರೆ ರಸ್ತೆ ಕಡೆ ಇತ್ತು! ಆವತ್ತಿಂದ ಮೊದಲು ಚೇಂಬರ್, ಆಮೇಲೆ ಉಳಿದದ್ದು. ಹಾರೆಯಿಂದ ಮುಚ್ಚಳ ಮೀಟಿ ಪಕ್ಕಕ್ಕೆ ಸರಿಸಿದೆ. ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ದೂರದಿಂದಲೇ ಬಗ್ಗಿ ನೋಡಿದೆ. ಒಳಗೆ ತಲೆ ಹಾಕೋದಾಗಲಿ, ಇಳಿಯೋದಾಗಲಿ ಬೇಡವೇ ಬೇಡ. ಕೂಲಿ ಕೊಟ್ಟು ಯಾರನ್ನೂ ಇಳಿಸಲೂಬಾರದು. ರಕ್ಷಣಾ ಸಾಧನ ಕೊಡದೆ ಚರಂಡಿ, ಮಲದ ಗುಂಡಿಗಳನ್ನು ಜನರಿಂದ ಕೈಯಾರೆ ಶುಚಿ ಮಾಡಿಸೋದನ್ನು 2013ರ ಕಾಯ್ದೆ ನಿಷೇಧಿಸಿದೆ.

ಚೇಂಬರ್ ಖಾಲಿ ಇತ್ತು. ಹೆಂಡತಿಗೆ ಕೂಗಿ ಬಚ್ಚಲಿಗೆ ಒಂದು ಬಕೆಟ್ ನೀರು ಸುರಿಸಿದೆ. ನೀರು ಸರಾಗವಾಗಿ ಬಂದು ರಸ್ತೆ ಕಡೆ ಹರಿದು ಹೋಯಿತು. ಅಂದರೆ ಕಮೋಡಿಗೂ ಚೇಂಬರಿಗೂ ನಡುವೆಯೇ ಏನೋ ಸಿಕ್ಕಿಕೊಂಡಿದೆ. ಚೇಂಬರ್ ತುಂಬಿ ನಿಂತಿದ್ದರೆ ಕಥೆ ಬೇರೆ, ರಭಸದಿಂದ ನೀರು ಚಿಮ್ಮಿಸಿ ಪೈಪ್ ಬಿಡಿಸೋ ಜೆಟ್ಟಿಂಗ್ ಗಾಡಿಗೇ ಹೇಳಬೇಕಿತ್ತು.

ಒಂದು ಗಂಟೆ ಕಾದೆ. ನೀರು ಒಂದಿಂಚು ಇಳಿದಿತ್ತು. ಪೂರ್ತಿ ಕಟ್ಟಿಲ್ಲ ಅಂತ ಧೈರ್ಯ ಬಂತು. ಹಳೇ ಮಗ್‌ನಿಂದ ಒಂದಷ್ಟು ನೀರು ಎತ್ತಿ ಬಕೆಟ್‌ಗೆ ಹಾಕಿದೆ, ಆದರೆ ಪ್ಲಂಜರ್‌ನ ರಬ್ಬರ್ ಮುಳುಗುವಷ್ಟು ಉಳಿಸಿದೆ. ರಬ್ಬರ್ ಒಳಗೆ ಗಾಳಿ ಇದ್ದರೆ ಒತ್ತಿದ್ದೆಲ್ಲ ದಂಡ. ಅದಕ್ಕೇ ಓರೆಯಾಗಿ ಇಳಿಸಿ ಗಾಳಿ ಹೊರಗೆ ಬಿಟ್ಟು, ಆಮೇಲೆ ತೂತಿನ ಮೇಲೆ ಕೂರಿಸಬೇಕು. ಮೊದಲ ಒತ್ತು ನಿಧಾನಕ್ಕೆ, ಇಲ್ಲದಿದ್ದರೆ ಮುಖಕ್ಕೇ ಅಭಿಷೇಕ. ಎಲ್ಲರೂ ಬಲವಾಗಿ ಒತ್ತುತ್ತಾರೆ, ಆದರೆ ಕೆಲಸ ಮಾಡೋದು ಎಳೆತ. ಸಿಕ್ಕಿಕೊಂಡದ್ದು ಹಿಂದೆ ಮುಂದೆ ಅಲ್ಲಾಡಬೇಕು. ಇಪ್ಪತ್ತು ಸಲ ಆಡಿಸಿದೆ, ಸುಧಾರಿಸಿಕೊಂಡೆ, ಮತ್ತೆ ಇಪ್ಪತ್ತು. ಗುಳುಗುಳು ಅಂತ ಸದ್ದು ಬರುತ್ತಿತ್ತು, ನೀರು ಮಾತ್ರ ಜಗ್ಗಲಿಲ್ಲ.

ಎದುರಿನ ಹಾರ್ಡ್‌ವೇರ್ ಅಂಗಡಿಯವರು ಪರಿಚಯದವರು. ಅರ್ಧ ಶಟರ್ ಎತ್ತಿ ಹಿಡಿಕೆ ತಿರುಗಿಸುತ್ತಾ ಪೈಪಿನೊಳಗೆ ಬಿಡೋ ಐದು ಮೀಟರ್‌ನ ಸ್ಪ್ರಿಂಗ್ ವೈರ್ ಕೊಟ್ಟರು. ಪಿಂಗಾಣಿಗೆ ಗೀರು ಬೀಳದಂತೆ ತೂತಿನ ಬಾಯಿಗೆ ಹಳೇ ಬನಿಯನ್ ಇಟ್ಟು ವೈರ್ ಬಿಡತೊಡಗಿದೆ. ಒಂದು ಮೊಳ ಹೋಗುವಷ್ಟರಲ್ಲಿ, ಕಮೋಡಿನ ಬಾಗಿದ ಕತ್ತಿನಲ್ಲೇ, ತುದಿಗೆ ಏನೋ ತಾಗಿತು. ಕಲ್ಲಿನಂತೆ ಗಟ್ಟಿಯಲ್ಲ, ಒದ್ದೆ ಕಂಬಳಿಯಂತೆ. ಮುಂದಕ್ಕೆ ತಳ್ಳಿದರೆ ಅದು ಪೈಪಿನಲ್ಲಿ ಇನ್ನೊಂದು ಕಡೆ ಹೋಗಿ ಕೂರುತ್ತದೆ. ಹಾಗಾಗಿ ತಳ್ಳದೆ ಹಿಡಿಕೆಯನ್ನು ಒಂದೇ ದಿಕ್ಕಿಗೆ ತಿರುಗಿಸುತ್ತಾ ಹೋದೆ. ತಿರುಗಿಸಿದಷ್ಟೂ ಕೈಗೆ ಭಾರ. ಆಮೇಲೆ ನಿಧಾನಕ್ಕೆ ಎಳೆದೆ.

ಬಂದದ್ದು ಬೂದು ಬಣ್ಣದ ಒಂದು ಹಗ್ಗ! ಗ್ಲೌಸ್ ಹಾಕಿದ ಕೈಯಲ್ಲಿ ಬಿಡಿಸಿದರೆ ಪಾಪುವಿನ ವೆಟ್ ವೈಪ್ಸ್, ಏಳೆಂಟು, ಒಂದಕ್ಕೊಂದು ಹೆಣೆದುಕೊಂಡಿದ್ದವು. ಒಂದೂ ಹರಿದಿರಲಿಲ್ಲ, ತೊಳೆದರೆ ಮತ್ತೆ ಬಳಸಬಹುದು ಅನ್ನೋ ಹಾಗಿದ್ದವು. ಅವುಗಳ ನಡುವೆ ಮಡಚಿಕೊಂಡ ಒಂದು ಶಾಂಪೂ ಸ್ಯಾಷೆ. ಅದು ಕತ್ತಿನಲ್ಲಿ ಅಡ್ಡ ಕೂತಿದೆ, ವೈಪ್ಸ್ ಅದಕ್ಕೆ ಸುತ್ತಿಕೊಂಡಿವೆ. ಕಾಗದದಂತೆ ಕಂಡರೂ ಅವು ನೀರಿನಲ್ಲಿ ಕರಗಲ್ಲ. ಆಸಿಡ್ ಸುರಿದಿದ್ದರೆ ಸ್ಯಾಷೆ ಹಾಗೇ ಅಲ್ಲೇ ಕೂತಿರುತ್ತಿತ್ತು.

ಆ ಕ್ಷಣಕ್ಕೆ ಗೊಳ್ ಅಂತ ನೀರು ಇಳಿಯಿತು. ಆದರೂ ಫ್ಲಶ್ ಮುಟ್ಟಲಿಲ್ಲ, ಬಕೆಟ್‌ನಿಂದಲೇ ಮೂರು ಸಲ ಸುರಿದು, ಚೇಂಬರಿಗೆ ನೀರು ಬರೋದನ್ನು ಭಾವ ನೋಡಿ ಹೇಳಿದ ಮೇಲೇ ನಲ್ಲಿ ತಿರುಗಿಸಿದ್ದು.

"ಪ್ಯಾಕೆಟ್ ಮೇಲೆ ಫ್ಲಶ್ ಮಾಡಬಹುದು ಅಂತ ಇತ್ತಣ್ಣ" ಅಂದಳು ತಂಗಿ, ಮುಖ ಸಪ್ಪೆ ಮಾಡಿಕೊಂಡು. ಸ್ಯಾಷೆ ಯಾರದ್ದು ಅಂತ ಯಾರೂ ಬಾಯಿ ಬಿಡಲಿಲ್ಲ. ನಾನೂ ಕೆದಕಲಿಲ್ಲ, ನಿನ್ನೆ ತಲೆಗೆ ಸ್ನಾನ ಮಾಡಿದ್ದು ನಾನೇ. ಮುಚ್ಚಳ ಇರೋ ಒಂದು ಕಸದ ಡಬ್ಬಿ ಕಮೋಡ್ ಪಕ್ಕ ತಂದಿಟ್ಟೆ.

ವೈರ್, ಪ್ಲಂಜರ್, ಬಕೆಟ್ ಎಲ್ಲ ಹಿತ್ತಿಲಲ್ಲಿ ತೊಳೆದು ಬಿಸಿಲಿಗೆ ಹಾಕುವಷ್ಟರಲ್ಲಿ ಎರಡೂವರೆ. ಅಡುಗೆಮನೆ ಬಾಗಿಲಿಗೆ ಬಂದರೆ ಅಮ್ಮ ಸೌಟು ಅಡ್ಡ ಹಿಡಿದು ನಿಂತಿದ್ದರು. ಎರಡನೇ ಸಲ ಸ್ನಾನ ಮಾಡಿ ಬಂದ ಮೇಲೇ ಎಲೆ ಹಾಕಿ ಹೋಳಿಗೆ ಬಡಿಸಿದ್ದು.