ಡಿಸ್ಕ್ ಅದೇ, ನಂಬರ್ ಬೇರೆ: ಲಿನಕ್ಸ್ ತಂತ್ರಾಂಶದಲ್ಲಿ ಡಿವೈಸ್ ನಂಬರ್ ದೋಷ ತಿದ್ದುವುದು ಹೇಗೆ?

ಹುಬ್ಬಳ್ಳಿಯ ದುರ್ಗದಬೈಲ್ ಆಸುಪಾಸಿನ ಒಂದು ಫೋಟೊ ಸ್ಟುಡಿಯೊದಲ್ಲಿ ಲಿನಕ್ಸ್ ಕಂಪ್ಯೂಟರ್ ಇದೆ ಎಂದುಕೊಳ್ಳಿ. ಮದುವೆ ಸೀಜನ್ನಿನಲ್ಲಿ ಅದಕ್ಕೆ ಒಂದರ ಹಿಂದೊಂದು ಹಾರ್ಡ್ ಡಿಸ್ಕ್ ಜೋಡಿಸುತ್ತಾರೆ, ಕಳಚುತ್ತಾರೆ. ನಿನ್ನೆಯಷ್ಟೇ ಸೂಚಿಯಾಗಿದ್ದ (ಕಡತಗಳ ವಿವರ ಡೇಟಾಬೇಸಿಗೆ ಸೇರಿದ್ದ) ಡಿಸ್ಕನ್ನು ಹುಡುಕಾಟದ ತಂತ್ರಾಂಶ ಇಂದು ಮೊದಲಿನಿಂದ ಓದತೊಡಗುತ್ತದೆ, ಒಂದೇ ಫೋಟೊ ಫಲಿತಾಂಶದಲ್ಲಿ ಎರಡೆರಡು ಸಲ ಕಾಣುತ್ತದೆ. ದೋಷ ಡಿಸ್ಕಿನದಲ್ಲ, ತಂತ್ರಾಂಶ ಡಿವೈಸ್ ನಂಬರನ್ನು, ಅಂದರೆ ಲಿನಕ್ಸ್ ಡಿಸ್ಕಿಗೆ ಕೊಡುವ ಸಂಖ್ಯೆಯನ್ನು, ಶಾಶ್ವತ ಗುರುತೆಂದು ನಂಬಿದ್ದರ ಫಲ. ಹುಬ್ಬಳ್ಳಿ, ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮುಕ್ತ ತಂತ್ರಾಂಶಕ್ಕೆ ಕೊಡುಗೆ ನೀಡಬೇಕೆಂದಿದ್ದರೆ, ಕಾಗುಣಿತ ತಿದ್ದುವುದಕ್ಕಿಂತ ಇಂಥ ದೋಷದಿಂದ ಶುರುಮಾಡುವುದು ಮೇಲು.

ಲಿನಕ್ಸ್ ಪ್ರತಿ ಡಿಸ್ಕ್ ಭಾಗಕ್ಕೂ ಮೇಜರ್ ಮತ್ತು ಮೈನರ್ ಎಂಬ ಎರಡು ಅಂಕಿಗಳನ್ನು ಕೊಡುತ್ತದೆ. ಯುಎಸ್‌ಬಿ ಡಿಸ್ಕ್ ಎಸ್‌ಡಿಬಿ ಎಂದು ಗುರುತಾದರೆ ಅದರ ಮೊದಲ ಭಾಗ 8:17, ಒಟ್ಟು ಡಿವೈಸ್ ನಂಬರ್ 8×256+17, ಅಂದರೆ 2065. ಅದಕ್ಕೂ ಮುಂಚೆ ಬೇರೊಂದು ಡಿಸ್ಕ್ ಹಾಕಿದ್ದರೆ ಅದೇ ಭಾಗ ಎಸ್‌ಡಿಸಿಯ ಕೆಳಗೆ ಬಂದು 8:33 ಆಗುತ್ತದೆ, ನಂಬರ್ 2081. ಸ್ಟೇಷನ್ನಿನಲ್ಲಿ ರೈಲು ನಿಂತ ಪ್ಲಾಟ್‌ಫಾರ್ಮ್ ಸಂಖ್ಯೆಯನ್ನೇ ರೈಲಿನ ಸಂಖ್ಯೆ ಎಂದು ಬರೆದಿಟ್ಟುಕೊಂಡಂತೆ ಇದು. ಎರಡು ಕಡತಗಳು ಈ ಕ್ಷಣದಲ್ಲಿ ಒಂದೇ ಡಿಸ್ಕಿನಲ್ಲಿವೆಯೇ ಎಂದು ನೋಡಲು ಡಿವೈಸ್ ನಂಬರ್ ಸಾಕು, ಆದರೆ ಡೇಟಾಬೇಸಿನಲ್ಲಿ ಬರೆದಿಡಲು ಅದು ತಕ್ಕದ್ದಲ್ಲ.

ದೋಷವನ್ನು ಮರುಕಳಿಸಿ ನೋಡಿ

ಇದಕ್ಕೆ ಎರಡು ಡಿಸ್ಕ್ ಕೊಳ್ಳಬೇಕಾಗಿಲ್ಲ. ನೂರು ಎಂಬಿಯ ಖಾಲಿ ಕಡತವೊಂದನ್ನು ಮಾಡಿ, ಅದರಲ್ಲಿ ಎಕ್ಸ್‌ಟಿ4 ಫೈಲ್ ಸಿಸ್ಟಂ ಹಾಕಿ, ಲೂಪ್ ಸಾಧನವಾಗಿ (ಕಡತವನ್ನೇ ಡಿಸ್ಕಿನಂತೆ ತೋರಿಸುವ ವ್ಯವಸ್ಥೆ) ಮೌಂಟ್ ಮಾಡಿ, ಅಂದರೆ ಬಳಕೆಗೆ ಜೋಡಿಸಿ. ಒಳಗಿನ ಒಂದು ಕಡತದ ಮೇಲೆ ಸ್ಟ್ಯಾಟ್ ಆಜ್ಞೆ ಕೊಟ್ಟು ಡಿವೈಸ್ ನಂಬರ್ ಮತ್ತು ಐನೋಡ್ (ಫೈಲ್ ಸಿಸ್ಟಮ್ಮಿನೊಳಗೆ ಕಡತದ ಸಂಖ್ಯೆ) ಬರೆದಿಟ್ಟುಕೊಳ್ಳಿ. ನಂತರ ಅನ್‌ಮೌಂಟ್ ಮಾಡಿ, ಬೇರೊಂದು ಕಡತವನ್ನು ಮೊದಲು ಲೂಪ್‌ಗೆ ಜೋಡಿಸಿ, ಹಳೆಯದನ್ನು ಮತ್ತೆ ಮೌಂಟ್ ಮಾಡಿ. ಮೊದಲು 7:0 ಇದ್ದದ್ದು ಈಗ 7:1 ಆಗಿರುತ್ತದೆ, ಐನೋಡ್ ಮಾತ್ರ ಬದಲಾಗುವುದಿಲ್ಲ. (ಉಬುಂಟುವಿನಲ್ಲಿ ಸ್ನ್ಯಾಪ್ ಪ್ಯಾಕೇಜುಗಳೇ ಹಲವು ಲೂಪ್‌ಗಳನ್ನು ಹಿಡಿದಿರುವುದರಿಂದ ನಿಮ್ಮಲ್ಲಿ ಅಂಕಿ ಇನ್ನೂ ದೊಡ್ಡದಿರಬಹುದು.) ಎರಡೂ ಸಲ ತಂತ್ರಾಂಶದ ಸೂಚಿಯನ್ನು ಓಡಿಸಿದರೆ ದೋಷ ಕೈಗೆ ಸಿಗುತ್ತದೆ.

ಕೋಡಿನಲ್ಲಿ ಹುಡುಕುವುದು

ಎಸ್‌ಟಿ_ಡೆವ್ ಎಂಬ, ಸ್ಟ್ಯಾಟ್ ಕೊಡುವ ಡಿವೈಸ್ ನಂಬರಿನ ಹೆಸರು ಬರುವ ಸಾಲುಗಳನ್ನೆಲ್ಲ ಹುಡುಕಿ, ಆ ಬೆಲೆ ಎಲ್ಲಿಗೆ ಹೋಗುತ್ತದೆ ಎಂದು ಹಿಂಬಾಲಿಸಿ. ಇಂಟ್ ಅಥವಾ ಶಾರ್ಟ್ ವಿಧದ ಚರಾಂಶಕ್ಕೆ ಹೋಗುತ್ತಿದ್ದರೆ ಅನುಮಾನಪಡಿ. ಎಂಟು ಬಿಟ್ ಬಲಕ್ಕೆ ಸರಿಸಿ 255ರೊಂದಿಗೆ ಆಂಡ್ ಮಾಡುವ ಸಾಲು ಸಿಕ್ಕರೆ ಅದು ದೋಷವೇ, ಅನುಮಾನ ಬೇಡ. 2003ರ ಡಿಸೆಂಬರಿನಲ್ಲಿ ಬಂದ, ಲಿನಕ್ಸಿನ ತಿರುಳಾದ 2.6 ಕರ್ನಲ್‌ಗೆ ಮುಂಚೆ ಮೇಜರ್‌ಗೆ ಎಂಟು, ಮೈನರ್‌ಗೆ ಎಂಟು ಬಿಟ್ ಇದ್ದವು. ಅಲ್ಲಿಂದೀಚೆಗೆ 12 ಮತ್ತು 20. ಇಂದಿನ ಎನ್‌ವಿಎಂಇ ಡಿಸ್ಕುಗಳ ಮೇಜರ್ 259. 259:2ರ ಒಟ್ಟು ನಂಬರ್ 66306. ಹಳೆಯ ಸಾಲು ಇದನ್ನು ಒಡೆದರೆ 259ರ ಜಾಗದಲ್ಲಿ 3 ಉಳಿಯುತ್ತದೆ, ಅಂದರೆ ನಿಮ್ಮ ಹೊಸ ಲ್ಯಾಪ್‌ಟಾಪಿನ ಡಿಸ್ಕ್ ಹಳೆಯ ಐಡಿಇ ಡಿಸ್ಕಿನ ವೇಷ ಹಾಕಿ ಬರುತ್ತದೆ.

ತಿದ್ದುವುದು ಸರಳ. ಚರಾಂಶದ ವಿಧವನ್ನು ಡಿವೈಸ್ ನಂಬರಿಗೆಂದೇ ಇರುವ ಡೆವ್_ಟಿ ಎಂದೇ ಇಡಿ, ಒಡೆಯಲು ಮೇಜರ್, ಮೈನರ್ ಮ್ಯಾಕ್ರೋಗಳನ್ನೂ ಕೂಡಿಸಲು ಮೇಕ್‌ಡೆವ್ ಮ್ಯಾಕ್ರೋವನ್ನೂ ಬಳಸಿ. 2018ರಲ್ಲಿ ಬಂದ, ಲಿನಕ್ಸಿನ ಸಿ ಲೈಬ್ರರಿಯಾದ ಜಿಲಿಬ್‌ಸಿ 2.28ರಿಂದ ಇವು ಸಿಸ್/ಟೈಪ್ಸ್ ಹೆಡರಿನ ಮೂಲಕ ತಾವಾಗಿ ಸಿಗುವುದಿಲ್ಲ, ಸಿಸ್/ಸಿಸ್‌ಮ್ಯಾಕ್ರೋಸ್ ಹೆಡರನ್ನು ಪ್ರತ್ಯೇಕವಾಗಿ ಸೇರಿಸಬೇಕು. ಯುನಿಕ್ಸ್ ಮಾದರಿಯ ಇನ್ನೊಂದು ಕಾರ್ಯವ್ಯವಸ್ಥೆಯಾದ ಫ್ರೀಬಿಎಸ್‌ಡಿಯಲ್ಲಿ ಇವು ಹಳೆಯ ಜಾಗದಲ್ಲೇ ಇರುವುದರಿಂದ ಬಿಲ್ಡ್ ಕಡತದಲ್ಲಿ ಒಂದು ಪರೀಕ್ಷೆ ಬೇಕು.

ಗುರುತು ಬದಲಿಸುವುದು

ನಿಜವಾದ ಕಷ್ಟ ಇಲ್ಲಿದೆ. ಲಿನಕ್ಸ್ ಡೆಸ್ಕ್‌ಟಾಪ್ ಆದ ಕೆಡಿಇಯ ಹುಡುಕಾಟದ ಎಂಜಿನ್ ಬಲೂ ಡಿವೈಸ್ ನಂಬರಿನ 32 ಬಿಟ್ ಮತ್ತು ಐನೋಡಿನ 32 ಬಿಟ್ ಸೇರಿಸಿ ಪ್ರತಿ ಕಡತಕ್ಕೂ ಗುರುತು ಮಾಡುತ್ತಿತ್ತು. ಬಿಟಿಆರ್‌ಎಫ್‌ಎಸ್ ಫೈಲ್ ಸಿಸ್ಟಮ್ಮಿನ ಡಿವೈಸ್ ನಂಬರ್ ಮೌಂಟ್ ಆದಾಗ ಹುಟ್ಟುವಂಥದ್ದು, ಮೇಜರ್ ಸೊನ್ನೆ. ಹೀಗಾಗಿ ರೀಬೂಟ್ ಆದ ಮೇಲೆ ಎಲ್ಲ ಕಡತಗಳೂ ಹೊಸದೆಂದು ತೋರಿ ಮತ್ತೆ ಸೂಚಿಯಾಗುತ್ತಿದ್ದವು.

ಡಿವೈಸ್ ನಂಬರಿನ ಬದಲು ಫೈಲ್ ಸಿಸ್ಟಮ್ಮಿನ ಯುಯುಐಡಿ (ಅದನ್ನು ಸೃಷ್ಟಿಸುವಾಗಲೇ ಕೊಡುವ ವಿಶಿಷ್ಟ ಗುರುತು) ಬಳಸಿ ಎಂದು ಯಾರಾದರೂ ಹೇಳುತ್ತಾರೆ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಇನ್ನೊಂದು ದೋಷ ಹುಟ್ಟುತ್ತದೆ. ಬಿಟಿಆರ್‌ಎಫ್‌ಎಸ್‌ನ ಎಲ್ಲ ಸಬ್‌ವಾಲ್ಯೂಮುಗಳಿಗೂ (ಒಳಗಿನ ಉಪವಿಭಾಗಗಳಿಗೂ) ಫೈಲ್ ಸಿಸ್ಟಮ್ಮಿನ ಯುಯುಐಡಿ ಒಂದೇ, ಪ್ರತಿಯೊಂದರ ಮೂಲ ಫೋಲ್ಡರಿನ ಐನೋಡೂ 256ವೇ. ಆದ್ದರಿಂದ ಸಬ್‌ವಾಲ್ಯೂಮ್ ಸಂಖ್ಯೆಯನ್ನೂ ಸೇರಿಸಬೇಕು. ಸ್ಟ್ಯಾಟ್‌ವಿಎಫ್‌ಎಸ್ ಕೊಡುವ ಎಫ್‌ಎಸ್‌ಐಡಿಯನ್ನು (ಫೈಲ್ ಸಿಸ್ಟಮ್ಮಿನ ಗುರುತನ್ನು) ನಂಬಬಹುದೇ? ಎಕ್ಸ್‌ಟಿ4, ಬಿಟಿಆರ್‌ಎಫ್‌ಎಸ್‌ಗಳಲ್ಲಿ ನಂಬಬಹುದು, ಅಲ್ಲಿ ಅದು ಯುಯುಐಡಿಯಿಂದ ಬರುತ್ತದೆ. ಎಕ್ಸ್‌ಎಫ್‌ಎಸ್ ಮತ್ತು ಫ್ಯಾಟ್‌ಗಳಲ್ಲಿ ಲಿನಕ್ಸ್ ಅದನ್ನು ಡಿವೈಸ್ ನಂಬರಿನಿಂದಲೇ ಕಟ್ಟಿಕೊಡುವುದರಿಂದ ಬಾಗಿಲಿನಿಂದ ಹೊರಹಾಕಿದ ಸಮಸ್ಯೆ ಕಿಟಕಿಯಿಂದ ಒಳಬರುತ್ತದೆ.

ಸ್ಟುಡಿಯೊದ ಮೆಮೊರಿ ಕಾರ್ಡುಗಳಂತೂ ಬಹುಪಾಲು ಫ್ಯಾಟ್ ಇಲ್ಲವೇ ಎಕ್ಸ್‌ಫ್ಯಾಟ್. ಅವುಗಳಲ್ಲಿ ಐನೋಡ್ ಎಂಬುದೇ ಡಿಸ್ಕಿನ ಮೇಲಿಲ್ಲ, ಕರ್ನಲ್ ಬಳಸುವಾಗಲೇ ಸೃಷ್ಟಿಸುತ್ತದೆ. ಅಲ್ಲಿ ವಾಲ್ಯೂಮಿನ ಗುರುತಿನ ಜೊತೆಗೆ ಮೌಂಟ್ ಬಿಂದುವಿನಿಂದ ಮುಂದಿನ ಕಡತದ ಹಾದಿಯನ್ನು ಬಳಸುವುದೇ ಕ್ಷೇಮ. ಕ್ಲೋನ್ ಮಾಡಿದ ಡಿಸ್ಕುಗಳಿಗೆ ಯುಯುಐಡಿ ಒಂದೇ ಇರುತ್ತದೆ ಎಂಬುದೂ ನೆನಪಿರಲಿ.

ಗುರುತಿನ ರೂಪ ಬದಲಾದೊಡನೆ ಡೇಟಾಬೇಸಿನ ಆವೃತ್ತಿ ಸಂಖ್ಯೆಯನ್ನೂ ಏರಿಸಿ, ಹಳೆಯ ಸೂಚಿಯನ್ನು ಅಳಿಸಿ ಒಮ್ಮೆ ಹೊಸದಾಗಿ ಕಟ್ಟುವಂತೆ ಮಾಡಿ. ಹಳೆಯ ನಂಬರುಗಳನ್ನು ಹೊಸದಕ್ಕೆ ಪರಿವರ್ತಿಸುವ ಜಾಣತನ ಬೇಡ, ಅವು ಯಾವ ದಿನದ ಯಾವ ಡಿಸ್ಕಿನವು ಎಂದು ತಿಳಿಯುವ ದಾರಿಯೇ ಇಲ್ಲ. ಪರೀಕ್ಷೆಗಳಲ್ಲಿ 255ಕ್ಕಿಂತ ದೊಡ್ಡ ಮೇಜರ್, 255ಕ್ಕಿಂತ ದೊಡ್ಡ ಮೈನರ್ ಎರಡನ್ನೂ ಇಡಿ. ವಿಲೀನದ ಕೋರಿಕೆ ಕಳಿಸುವಾಗ ಮ್ಯಾಕ್ರೋ ತಿದ್ದುಪಡಿ ಒಂದು ಕಮಿಟ್ (ಪ್ರತ್ಯೇಕವಾಗಿ ದಾಖಲಾಗುವ ಬದಲಾವಣೆ), ಗುರುತಿನ ಬದಲಾವಣೆ ಇನ್ನೊಂದು ಕಮಿಟ್ ಆಗಿರಲಿ. ಮೊದಲನೆಯದನ್ನು ನಿರ್ವಾಹಕರು ಬೇಗ ಒಪ್ಪುತ್ತಾರೆ, ಎರಡನೆಯದರ ಮೇಲೆ ಚರ್ಚೆ ಖಂಡಿತ, ಅದಕ್ಕೆ ಲೂಪ್ ಪ್ರಯೋಗದ ಎರಡೂ ಸ್ಟ್ಯಾಟ್ ಫಲಿತಾಂಶಗಳನ್ನು ಜೊತೆಗೆ ಲಗತ್ತಿಸಿ.